ಸಮತಟ್ಟು ನೆಲದ ಮೇಲಿನ ಅಪವಾದ

ಅಹಮದಾಬಾದ್, ವಡೋದರಾ, ಸೂರತ್‌ಗಳ ಸೈಕಲ್ ಬಳಗಗಳಲ್ಲಿ ಒಂದು ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ: ನಮ್ಮಲ್ಲಿ ಘಾಟಿಯಿಲ್ಲ, ಆದ್ದರಿಂದ ನಿಜವಾದ ತರಬೇತಿಯೂ ಸಾಧ್ಯವಿಲ್ಲ. ಬೆಂಗಳೂರಿನವರಿಗೆ ನಂದಿ ಬೆಟ್ಟವಿದೆ, ಪುಣೆಯವರಿಗೆ ಸಿಂಹಗಡವಿದೆ. ನಮಗೋ, ಪಾವಾಗಢ ಬೇಕೆಂದರೆ ಭಾನುವಾರ ಬರಬೇಕು, ಸಾಪುತಾರಾ ಬೇಕೆಂದರೆ ಸೈಕಲ್ಲನ್ನು ಕಾರಿಗೆ ಕಟ್ಟಬೇಕು. ಹಾಗಾಗಿ ಉಳಿದಿರುವುದು ಕಿಲೋಮೀಟರ್ ಗಳಿಕೆಯೊಂದೇ ಎಂಬ ತೀರ್ಮಾನ. ಈ ಕೊರಗು ಪ್ರಾಮಾಣಿಕವಾದದ್ದು, ಆದರೆ ತೀರ್ಮಾನ ತಪ್ಪು.

ಇದೇ ಬಳಗಗಳು ಆದರ್ಶವಾಗಿ ಹೆಸರಿಸುವ ನವೀನ್ ಜಾನ್ ಅವರನ್ನೇ ನೋಡಿ. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿಗೆ ಬಂದು ವೃತ್ತಿಪರ ಸೈಕ್ಲಿಸ್ಟ್ ಆದವರು ಎಂಬ ಸಾಹಸಕಥೆ ಎಲ್ಲರಿಗೂ ಗೊತ್ತು. ಅವರು ಗೆದ್ದದ್ದು ಯಾವುದರಲ್ಲಿ ಎಂದು ಕೇಳುವವರು ಕಡಿಮೆ. ಅವರ ರಾಷ್ಟ್ರೀಯ ಪ್ರಶಸ್ತಿಗಳು ಬಂದದ್ದು ಟೈಮ್ ಟ್ರಯಲ್‌ನಲ್ಲಿ, ಅಂದರೆ ಒಬ್ಬಂಟಿಯಾಗಿ ಗಡಿಯಾರದ ವಿರುದ್ಧ ತುಳಿಯುವ ಸ್ಪರ್ಧೆಯಲ್ಲಿ. ಅವರು ಭಾಗವಹಿಸಿದ 2016ರ ವಿಶ್ವ ಚಾಂಪಿಯನ್‌ಶಿಪ್‌ನ ಟೈಮ್ ಟ್ರಯಲ್ ನಡೆದ ದೋಹಾ ಯಾವ ಪರ್ವತದ ಊರು? 40 ಕಿ.ಮೀ. ಮರಳುಗಾಡಿನ ಸಮತಟ್ಟು ರಸ್ತೆ, ಮೇಲೆ ಸುಡುವ ಬಿಸಿಲು. ಸೂರತ್‌ನವನಿಗೆ ಅಪರಿಚಿತವಾದದ್ದು ಅದರಲ್ಲಿ ಏನೂ ಇಲ್ಲ.

ಸಮತಟ್ಟು ರಸ್ತೆಯಲ್ಲಿ ಸವಾರನ ಮುಖ್ಯ ಎದುರಾಳಿ ಗಾಳಿ. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ಇಳಿಜಾರು ಇಲ್ಲದ್ದರಿಂದ ಕಾಲಿಗೆ ಬಿಡುವೂ ಇಲ್ಲ. ಇಪ್ಪತ್ತು ನಿಮಿಷ ಒಂದೇ ಒತ್ತಡ ಹಿಡಿದಿಡುವ ಅಭ್ಯಾಸಕ್ಕೆ ಬೇಕಾದದ್ದು ಸಿಗ್ನಲ್ ಅಡ್ಡಬರದ ರಸ್ತೆ ಮತ್ತು ಎದುರುಗಾಳಿ. ಮಳೆಗಾಲದಲ್ಲಿ ಸೂರತ್‌ನಿಂದ ಡುಮಸ್ ಕಡೆಗೆ ತುಳಿದವರಿಗೆ ಆ ನೈಋತ್ಯ ಗಾಳಿಯ ಪರಿಚಯ ಮಾಡಿಸಬೇಕಿಲ್ಲ.

ನನ್ನ ನಿಜವಾದ ಜಗಳ ಬೇರೆಯೇ ಇದೆ. ವೃತ್ತಿಪರನಿಂದ ನಾವು ಎರವಲು ತರುತ್ತಿರುವುದು ಅವನ ದೂರವನ್ನು, ಅವನ ಸಂಯಮವನ್ನಲ್ಲ. ವಾರಕ್ಕೆ ಇಪ್ಪತ್ತು ಗಂಟೆಗೂ ಮಿಕ್ಕಿ ತುಳಿಯುವ ವೃತ್ತಿಪರ, ಅದರ ಬಹುಪಾಲನ್ನು ಪಕ್ಕದವನ ಜೊತೆ ಮಾತಾಡುತ್ತ ಸಾಗಬಹುದಾದ ವೇಗದಲ್ಲಿ ಮುಗಿಸುತ್ತಾನೆ. ನಾರ್ವೆಯಲ್ಲಿ ಕೆಲಸ ಮಾಡುವ ಕ್ರೀಡಾವಿಜ್ಞಾನಿ ಸ್ಟೀಫನ್ ಸೈಲರ್ ಗುರುತಿಸಿದ್ದೂ ಇದನ್ನೇ: ಅಗ್ರ ಸಹಿಷ್ಣುತಾ ಕ್ರೀಡಾಪಟುಗಳ ಸುಮಾರು ಶೇ. 80ರಷ್ಟು ಅಭ್ಯಾಸ ಹಗುರವಾದದ್ದು, ಉಳಿದದ್ದು ನಿಜಕ್ಕೂ ಕಠಿಣ. ಅಹಮದಾಬಾದ್‌ನ ಎಸ್.ಜಿ. ಹೆದ್ದಾರಿಯ ಮುಂಜಾವಿನ ಗುಂಪು ಸವಾರಿ ಇವೆರಡೂ ಅಲ್ಲ. ದಣಿಸುವಷ್ಟು ಜೋರು, ಬೆಳೆಸುವಷ್ಟು ಜೋರಲ್ಲ. ಕಚೇರಿ, ಮನೆ ಎಲ್ಲ ಸಂಭಾಳಿಸಿ ವಾರಕ್ಕೆ ಆರು ಗಂಟೆ ಹೊಂದಿಸುವವನು ಎಲ್ಲ ದಿನವೂ ಹೀಗೆಯೇ ತುಳಿದರೆ ವರ್ಷ ಕಳೆದರೂ ಅದೇ ವೇಗದಲ್ಲಿರುತ್ತಾನೆ.

ಆರೇ ಗಂಟೆಯವನಿಗೆ ಶೇ. 80ರ ಲೆಕ್ಕ ಏಕೆ, ಅವನು ಪ್ರತಿ ನಿಮಿಷವನ್ನೂ ಜೋರಾಗಿಯೇ ಬಳಸಬೇಕಲ್ಲವೇ ಎಂಬ ಆಕ್ಷೇಪವಿದೆ. ಅನುಪಾತವನ್ನು ಪಂಚಾಂಗದಂತೆ ಪಾಲಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ವಾರದಲ್ಲಿ ಎರಡು ದಿನ ನಿಜಕ್ಕೂ ಕಠಿಣವಾಗಬೇಕಾದರೆ ಉಳಿದ ದಿನಗಳು ನಿಜಕ್ಕೂ ಹಗುರವಾಗಿರಲೇಬೇಕು.

ನಿಗದಿತ ಸಮಯದೊಳಗೆ ದೀರ್ಘ ದೂರ ಮುಗಿಸುವ ಬ್ರೆವೆ ಸವಾರಿಯ ಬಗ್ಗೆ ನನಗೆ ಅಪಾರ ಗೌರವವಿದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ರಾತ್ರಿಯ ನಿದ್ದೆ, ಪಂಕ್ಚರ್, ಹಸಿವು ಎಲ್ಲವನ್ನೂ ಒಬ್ಬನೇ ನಿಭಾಯಿಸುವುದು ದೊಡ್ಡ ವಿದ್ಯೆ. ಆದರೆ ಒಂದೇ ಋತುವಿನಲ್ಲಿ 200, 300, 400, 600 ಮುಗಿಸಿ ಸೂಪರ್ ರಾಂದೊನರ್ ಎನಿಸಿಕೊಳ್ಳುವುದನ್ನೇ ಹವ್ಯಾಸಿಯ ಶಿಖರವಾಗಿ ಹೊಸಬರ ಮುಂದಿಡುವುದು ಅನ್ಯಾಯ. ಅದು ತಾಳಿಕೆಯ ಪರೀಕ್ಷೆ. ಸ್ಪರ್ಧೆಯ ವೇಗ ಅದರಿಂದ ಬರುವುದಿಲ್ಲ.

ಬಿಸಿಲಿನ ವಿಷಯದಲ್ಲಿ ಮಾತ್ರ ಗುಜರಾತಿನವರ ಎಚ್ಚರ ಸರಿ. 2016ರ ಮೇ 20ರಂದು 48 ಡಿಗ್ರಿ ಕಂಡ ಅಹಮದಾಬಾದ್‌ನಲ್ಲಿ ಹಟಕ್ಕೆ ಬಿದ್ದು ಮಧ್ಯಾಹ್ನ ತುಳಿಯುವುದು ತರಬೇತಿಯಲ್ಲ. ಆದರೆ ಸೆಕೆಯೇ ಅಡ್ಡಿ ಎನ್ನುವವರು ವಿಜಯಪುರ, ಬಾಗಲಕೋಟೆಗಳನ್ನು ನೆನೆಯಲಿ: ಅದೇ ಉರಿ ಬಿಸಿಲಿನ ಬಯಲುಸೀಮೆಯ ರೈತ ಕುಟುಂಬಗಳ ಮಕ್ಕಳು ದಶಕಗಳಿಂದ ರಾಷ್ಟ್ರೀಯ ಪದಕಗಳನ್ನು ತರುತ್ತಿದ್ದಾರೆ.

ಘಾಟಿಯಲ್ಲೇ ಕಲಿಯಬೇಕಾದ್ದು ಒಂದಿದೆ: ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಯಾವಾಗ ಬಿಡಬೇಕು ಎಂಬುದು. ಅದಕ್ಕೆ ಸಾಪುತಾರಾಕ್ಕೆ ಹೋಗಲೇಬೇಕು. ಉಳಿದದ್ದಕ್ಕೆ ಈ ಮೂರು ನಗರಗಳ ಕ್ಲಬ್ಬುಗಳು ತಿಂಗಳಿಗೊಮ್ಮೆ ಒಂದೇ ರಸ್ತೆಯಲ್ಲಿ 20 ಕಿ.ಮೀ. ಟೈಮ್ ಟ್ರಯಲ್ ನಡೆಸಲಿ, ಪ್ರತಿಯೊಬ್ಬರ ಸಮಯವನ್ನು ಅವರದೇ ಹಿಂದಿನ ತಿಂಗಳ ಸಮಯದ ಪಕ್ಕದಲ್ಲಿ ಬರೆದಿಡಲಿ.