ಮೂರು ಪುಟ ಮತ್ತು ಒಂದು ಇನ್‌ಲ್ಯಾಂಡ್

ಊರು ಬಿಟ್ಟವರ ಕೈಗೆ ಡೈರಿ ಬರುವುದು ಸಾಮಾನ್ಯವಾಗಿ ಎರಡು ದಾರಿಯಲ್ಲಿ. ಒಂದು, ಹೊಸ ವರ್ಷಕ್ಕೆ ಕಂಪನಿಯವರು ಪುಕ್ಕಟೆ ಕೊಡುವ ದಪ್ಪ ರಟ್ಟಿನ ಡೈರಿ. ಇನ್ನೊಂದು, ದಿನಾ ಬರೀರಿ, ಮನಸ್ಸು ಹಗುರಾಗುತ್ತದೆ, ಒಳಗಿರುವ ಕಲಾವಿದ ಎಚ್ಚರಾಗುತ್ತಾನೆ ಎಂದು ಹೇಳುವ ಇಂಗ್ಲಿಷ್ ಪುಸ್ತಕ. ಮೊದಲನೆಯದರಲ್ಲಿ ಹಾಲಿನ ಲೆಕ್ಕ ಬರೆದು ವರ್ಷ ಮುಗಿಸುತ್ತೇವೆ. ಎರಡನೆಯದನ್ನು ಮಾತ್ರ ಸ್ವಲ್ಪ ಕೂಡಿಸಿಕೊಂಡು ವಿಚಾರಿಸಬೇಕು. ಪುಣೆಗೆ ಬಂದು ಹದಿನೆಂಟು ವರ್ಷ, ಅದರಲ್ಲಿ ಹನ್ನೊಂದು ವರ್ಷ ಕನ್ನಡದಲ್ಲಿ ದಿನಚರಿ ಬರೆದ ನನಗೆ ಆ ಪುಸ್ತಕಗಳ ಮೇಲೆ ತಕರಾರೂ ಇದೆ, ಋಣವೂ ಇದೆ.

ಈ ಜಾತಿಯ ಪುಸ್ತಕಗಳಲ್ಲಿ ಹೆಸರಾದದ್ದು ಅಮೆರಿಕದ ಜೂಲಿಯಾ ಕ್ಯಾಮೆರಾನ್ 1992ರಲ್ಲಿ ಪ್ರಕಟಿಸಿದ 'ದಿ ಆರ್ಟಿಸ್ಟ್ಸ್ ವೇ'. ಹನ್ನೆರಡು ವಾರದ ಪಾಠ. ಬೆಳಿಗ್ಗೆ ಎದ್ದ ಕೂಡಲೇ ಕೈಬರಹದಲ್ಲಿ ಮೂರು ಪುಟ ಬರೆಯಬೇಕು. ಏನು ಬೇಕಾದರೂ ಬರೀರಿ, ತಿದ್ದಬೇಡಿ, ಮೊದಲ ಎಂಟು ವಾರ ತಿರುಗಿ ಓದಲೂಬೇಡಿ ಅನ್ನುತ್ತಾರೆ ಆಕೆ. ಈ ಸಲಹೆಯ ಒಳ್ಳೆಯತನ ಎಲ್ಲಿದೆ ಅಂದರೆ, ಅದು ಬರವಣಿಗೆಯಿಂದ ಭಯವನ್ನು ತೆಗೆದುಹಾಕುತ್ತದೆ. ಹಗಲೆಲ್ಲ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ತಿಣುಕಿದವನಿಗೆ ತಪ್ಪು ಹಿಡಿಯುವವರಿಲ್ಲದ ಮೂರು ಪುಟ ಅಂದರೆ ಚಪ್ಪಲಿ ಕಳಚಿ ಕಾಲು ಚಾಚಿ ಕೂತಂತೆ. ಅದು ನನ್ನ ಋಣ.

ತಕರಾರು ಮುಂದಿನದು. ಈ ಮೂರು ಪುಟವೇ ಸೃಷ್ಟಿಶೀಲ ತನ್ಮಯತೆಗೆ ಬಾಗಿಲು ಎಂದು ಅನೇಕರು ನಂಬಿಸುತ್ತಾರೆ. ಆ ತನ್ಮಯತೆಗೆ 'ಫ್ಲೋ' ಎಂದು ಹೆಸರಿಟ್ಟು, 1990ರಲ್ಲಿ ಅದೇ ಹೆಸರಿನ ಪುಸ್ತಕ ಬರೆದವರು ಮನಃಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್. ಆದರೆ ಅವರು ಹೇಳುವ ಷರತ್ತುಗಳನ್ನು ನೋಡಿ: ಕೆಲಸಕ್ಕೆ ಸ್ಪಷ್ಟವಾದ ಗುರಿ ಬೇಕು, ಮಾಡುತ್ತಿರುವುದು ಸರಿಯೋ ತಪ್ಪೋ ಆಗಿಂದಾಗ್ಗೆ ಗೊತ್ತಾಗಬೇಕು, ಕಷ್ಟವೂ ಕೌಶಲವೂ ಸರಿಸಮ ಇರಬೇಕು. ಗುರಿಯಿಲ್ಲದ, ತಿದ್ದದ, ಓದದ ಮೂರು ಪುಟದಲ್ಲಿ ಇದ್ಯಾವುದೂ ಇಲ್ಲವಲ್ಲ! ಅದು ಹಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಕೆಲಸ. ಬೇಕಾದ ಕೆಲಸವೇ, ಆದರೆ ಕೆಮ್ಮನ್ನು ಹಾಡು ಅನ್ನಬಾರದು.

ಇನ್ನು ಮನಸ್ಸಿನ ಶಾಂತಿ. ಇಲ್ಲಿ ಜೇಮ್ಸ್ ಪೆನ್‌ಬೇಕರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರ ಮಾತು ಹೆಚ್ಚು ಪ್ರಾಮಾಣಿಕವಾದದ್ದು. ಸಾಂಡ್ರಾ ಬೀಲ್ ಜೊತೆ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಎರಡನ್ನೂ ಕೂಡಿಸಿ ಬರೆದವರು ಬರೆದ ತಕ್ಷಣ ಇನ್ನಷ್ಟು ಕುಗ್ಗಿದರು. ಮುಂದಿನ ತಿಂಗಳುಗಳಲ್ಲಿ ಮಾತ್ರ ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಮುಂದೆ 2006ರಲ್ಲಿ ಜೋಆನ್ ಫ್ರಾಟರೋಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ ಸರಾಸರಿ ಲಾಭ ಇದೆ, ಆದರೆ ಸಣ್ಣದು ಎಂದು ಕಂಡಿತು. ಅಂದರೆ ಡೈರಿ ಕಷಾಯದಂಥದು, ಸಂಜೀವಿನಿಯಲ್ಲ. ಬರೆದ ರಾತ್ರಿಯೇ ನಿದ್ದೆ ಬರಲಿಲ್ಲ ಅಂತ ಯಾರೂ ಗಾಬರಿಯಾಗಬೇಕಿಲ್ಲ.

ಪೆನ್‌ಬೇಕರ್ ಇನ್ನೊಂದು ಸೂಕ್ಷ್ಮ ಗಮನಿಸಿದ್ದರು. ಬರೆದು ಚೇತರಿಸಿಕೊಂಡವರ ಬರಹದಲ್ಲಿ ದಿನದಿಂದ ದಿನಕ್ಕೆ 'ಯಾಕೆಂದರೆ', 'ಅದಕ್ಕೇ', 'ಈಗ ತಿಳೀತು' ಎನ್ನುವಂಥ ಪದಗಳು ಹೆಚ್ಚಾಗುತ್ತಿದ್ದವಂತೆ. ಅದೇ ಗೋಳನ್ನು ಅದೇ ಮಾತಿನಲ್ಲಿ ದಿನಾ ಬರೆದರೆ ಅದು ಗಾಯವನ್ನು ಕೆರೆದಂತೆಯೇ. ಇದಕ್ಕೆ ನಾನು ನಮ್ಮ ಭಾಷೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ 'ನಾನೇ ದುಃಖಿ' ಎಂಬ ಅರ್ಥ ಬರುವಂತೆ ವಾಕ್ಯ ಶುರುವಾಗುತ್ತದೆ. ಕನ್ನಡದಲ್ಲಿ 'ನನಗೆ ಬೇಜಾರಾಯಿತು'. ಬೇಜಾರು ಎಲ್ಲಿಂದಲೋ ಬಂತು, ನನಗೆ ಆಯಿತು, ಹೋಗಲೂಬಹುದು. ಮರಾಠಿ, ಹಿಂದಿಯಲ್ಲೂ ಈ ಅನುಕೂಲ ಉಂಟು, ನಮಗೊಬ್ಬರಿಗೇ ಅಲ್ಲ. ಆದರೂ ಪರಸ್ಥಳದಲ್ಲಿ ಕೂತು ತಾಯಿನುಡಿಯಲ್ಲೇ ಯಾಕೆ ಬರೀಬೇಕು ಅಂತ ಕೇಳುವವರಿಗೆ ಇದೊಂದು ಉತ್ತರ: ದುಃಖವನ್ನು ಅತಿಥಿಯಂತೆ ಕಾಣುವ ವ್ಯಾಕರಣ ಮನೆಯಲ್ಲೇ ಇರುವಾಗ ಬಿಡುವುದೇಕೆ?

ಈ ಪುಸ್ತಕಗಳ ದೊಡ್ಡ ಕೊರತೆ ಅಂದರೆ ಅವುಗಳಲ್ಲಿ ಕೇಳುವವರೇ ಇಲ್ಲ. ನಮ್ಮ ಹಿಂದಿನ ತಲೆಮಾರಿನವರು ಡೈರಿ ಬರೆದದ್ದು ಕಡಿಮೆ, ನೀಲಿ ಇನ್‌ಲ್ಯಾಂಡ್ ಬರೆದದ್ದು ಹೆಚ್ಚು. 'ನಾವೆಲ್ಲ ಕ್ಷೇಮ' ಎಂದು ಶುರುಮಾಡಿ, ಮಡಿಚುವ ಅಂಚಿನವರೆಗೂ ಬರೆದು, ಜಾಗ ಮುಗಿಯಿತೆಂದು ನಿಲ್ಲಿಸುತ್ತಿದ್ದರು. ಓದುವವಳು ಅವ್ವ, ಆದ್ದರಿಂದ ಬರೀ ಗೋಳು ಬರೆಯುವಂತಿರಲಿಲ್ಲ. ಮಳೆ, ರೇಷನ್ನು, ಪಕ್ಕದ ಮನೆಯವರ ಮದುವೆ ಬರಲೇಬೇಕು. ಕಣ್ಣು ಹೊರಗೆ ತಿರುಗುತ್ತಿತ್ತು. ಪುದುಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದ ರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದ ದಿನಚರಿ ಇಂದಿಗೂ ಬದುಕಿರುವುದು ಅದರಲ್ಲಿ ಹಡಗು, ವ್ಯಾಪಾರ, ಗವರ್ನರನ ಮಾತು ಇರುವುದರಿಂದಲೇ.

ಹಾಗಂತ ಒಳಗಿನ ಅಳುಕು ಬರೆಯಬಾರದು ಎಂದಲ್ಲ. ಮುಂಬೈಯಲ್ಲಿ ಬಾಳಿದ ಯಶವಂತ ಚಿತ್ತಾಲರ 'ಶಿಕಾರಿ' (1979) ತುಂಬ ಅಳುಕೇ. ಆದರೆ ಅಲ್ಲಿ ಅದು ನಾಗಪ್ಪ ಎಂಬ ಇನ್ನೊಬ್ಬನ ಪಾಲಾಗಿದೆ. ಅವನಿಗೊಂದು ನೌಕರಿ, ಒಂದು ನಗರ, ಹಿಂದೊಂದು ಕಥೆ. ಅಳುಕು 'ನನ್ನದು' ಆಗಿದ್ದಾಗ ಡೈರಿ. ಇನ್ನೊಬ್ಬನಿಗೆ ಕೊಟ್ಟಾಗ ಕಾದಂಬರಿ. ಮೂರು ಪುಟದಿಂದ ಅಲ್ಲಿಗೆ ಹೋಗುವ ದಾರಿಯನ್ನು ಯಾವ ಹನ್ನೆರಡು ವಾರದ ಪಾಠವೂ ತೋರಿಸುವುದಿಲ್ಲ.

ನನ್ನ ದಿನಚರಿಗೆ ಬೀಗ ಬೇಕಾಗಿಲ್ಲ. ಪುಣೆಯಲ್ಲಿ ಹುಟ್ಟಿದ ಮಗಳು ಕನ್ನಡ ಮಾತಾಡುತ್ತಾಳೆ, ಓದಲು ಬರುವುದು ದೇವನಾಗರಿ ಮತ್ತು ಇಂಗ್ಲಿಷ್ ಮಾತ್ರ. ಊರಲ್ಲಿರುವ ನಿಮಗೆ ಇದರ ಇಕ್ಕಟ್ಟು ತಟ್ಟನೆ ಹೊಳೆಯಲಾರದು: ಬರೆಯುವವನಿಗೆ ಸಿಕ್ಕ ಇಷ್ಟು ಸಲೀಸಾದ ಗುಟ್ಟು, ಮನೆಯಿಂದ ಒಂದು ಲಿಪಿ ಹೊರಟುಹೋದದ್ದರ ಗುರುತೂ ಹೌದು. ಒಮ್ಮೆ ಅವಳೇ, "ಅಪ್ಪಾ, ಇದರಾಗ ಏನೈತಿ, ಓದಿ ಹೇಳು" ಅಂದಳು. ಪುಟ ತಿರುವಿದೆ. ಮನಸ್ಸು ಹಗುರ ಮಾಡಿಕೊಳ್ಳಲು ಬರೆದ ಪುಟಗಳನ್ನು ದಾಟಿಸಿ, ಮನುಷ್ಯರಿದ್ದ, ಮಳೆಯಿದ್ದ, ಒಂದು ಜಗಳವೂ ಅದರ ಕಾರಣವೂ ಇದ್ದ ಪುಟಗಳನ್ನು ಓದಿದೆ. ಅವಳು ನಕ್ಕಳು, ಆಮೇಲೆ "ಈ ಅಕ್ಷರ ಯಾವುದು?" ಎಂದು 'ಳ'ದ ಮೇಲೆ ಬೆರಳಿಟ್ಟಳು. ದಿನಚರಿಯನ್ನು ಅಳೆಯಲು ನನಗೀಗ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ: ಗಟ್ಟಿಯಾಗಿ ಓದಿದರೆ ಪಕ್ಕದಲ್ಲಿ ಕೂತವರು ಇನ್ನೂ ಸ್ವಲ್ಪ ಹತ್ತಿರ ಸರಿಯಬೇಕು.