ಒಂದು ಕೋಟಿಯ ಎಲ್‌ಎಲ್‌ಎಂ

ವಕೀಲರ ನಾಮಫಲಕದಲ್ಲಿ ವಿದೇಶಿ ವಿಶ್ವವಿದ್ಯಾಲಯದ ಹೆಸರಿದ್ದರೆ ಕಕ್ಷಿದಾರ ಒಂದು ಗಳಿಗೆ ನಿಂತು ಓದುತ್ತಾನೆ, ನಿಜ. ಕೋರ್ಟಿನ ಒಳಗೆ ಮಾತ್ರ ಆ ಹೆಸರನ್ನು ಕೇಳುವವರಿಲ್ಲ. 1961ರ ವಕೀಲರ ಕಾಯ್ದೆಯಡಿ ಸನ್ನದು ಸಿಗಲು ಎಲ್‌ಎಲ್‌ಬಿ ಸಾಕು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೂ ಅಷ್ಟೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಪರೀಕ್ಷೆಗೆ ಮತ್ತೆ ಕಡ್ಡಾಯ ಮಾಡಿದ್ದು ಮೂರು ವರ್ಷದ ಪ್ರಾಕ್ಟೀಸನ್ನು. ಹಿರಿಯ ವಕೀಲರ ಪಟ್ಟಕ್ಕೆ 2017ರ ಇಂದಿರಾ ಜೈಸಿಂಗ್ ತೀರ್ಪು ಅಂಕ ಹಾಕುವ ಪದ್ಧತಿ ತಂದಾಗ ಅನುಭವ, ವಾದಿಸಿ ಪಡೆದ ತೀರ್ಪುಗಳು, ಬರಹ, ಸಂದರ್ಶನ ಇವಕ್ಕೆಲ್ಲ ಒಂದೊಂದು ಕಲಂ ಇತ್ತು, ಪದವಿಗೆ ಇರಲಿಲ್ಲ. ಆ ಪದ್ಧತಿಯೂ 2025ರಲ್ಲಿ ಹೋಯಿತು.

ಆದರೂ ಪ್ರತಿವರ್ಷ ನಮ್ಮ ಹುಡುಗ ಹುಡುಗಿಯರು ಎಲ್‌ಎಲ್‌ಎಂ ಓದಲು ನ್ಯೂಯಾರ್ಕಿಗೂ ಲಂಡನ್ನಿಗೂ ಹೋಗುತ್ತಾರೆ, ಸಾಲ ಮಾಡಿಯಾದರೂ. ಈ ಮೋಹದ ಬೇರು ಬ್ಯಾರಿಸ್ಟರ್‌ಗಳ ಕಾಲದಲ್ಲಿದೆ. ಆಗ ಲಂಡನ್ನಿನ ಓದು ಬರೀ ಅಲಂಕಾರವಾಗಿರಲಿಲ್ಲ, ಅದೇ ಪರವಾನಗಿ. ಕಲ್ಕತ್ತಾ ಹೈಕೋರ್ಟಿನಲ್ಲಿ ಮೂಲ ದಾವೆಗಳನ್ನು ವಾದಿಸುವ ಹಕ್ಕು ಬಹುಕಾಲ ಅವರಿಗೇ ಮೀಸಲಾಗಿತ್ತು. ಆ ಹಕ್ಕಿದ್ದವರಿಗೂ ಅನ್ನ ತಾನಾಗಿ ಹುಟ್ಟಲಿಲ್ಲ. 1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಗಾಂಧಿ, ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಫೀಸಿನ ಕೇಸಿಗೆ ಪಾಟೀಸವಾಲು ಮಾಡಲು ಎದ್ದು, ನಾಲಿಗೆ ಹೊರಳದೆ ಕೂತುಬಿಟ್ಟರು. ಮುಂದೆ ರಾಜಕೋಟೆಯಲ್ಲಿ ಅವರ ಹೊಟ್ಟೆ ಹೊರೆದದ್ದು ಅರ್ಜಿ ಬರೆದುಕೊಡುವ ಕೆಲಸ, ಅದನ್ನು ತಂದುಕೊಟ್ಟದ್ದು ಅಣ್ಣನ ಪರಿಚಯಗಳು. 1961ರ ಕಾಯ್ದೆ ವಕೀಲರೆಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಪರವಾನಗಿ ಹೋಯಿತು, ಅದರ ಠೀವಿ ಮಾತ್ರ ಉಳಿದುಕೊಂಡಿತು. ಈಗ ಮಾರಾಟವಾಗುತ್ತಿರುವುದು ಆ ಠೀವಿಯೇ.

ಅದರ ಬೆಲೆ ನೋಡಿ. ಅಮೆರಿಕದ ಹೆಸರಾಂತ ಕಾನೂನು ಶಾಲೆಗಳಲ್ಲಿ ಎಲ್‌ಎಲ್‌ಎಂನ ಬೋಧನಾ ಶುಲ್ಕವೇ 75,000 ಡಾಲರ್ ದಾಟುತ್ತದೆ. ಬಾಡಿಗೆ, ಊಟ, ವಿಮೆ ಸೇರಿದರೆ 1 ಲಕ್ಷ ಡಾಲರ್ ಮೀರಿ, ಕೋಟಿ ರೂಪಾಯಿಯ ಹತ್ತಿರಕ್ಕೆ ಬರುತ್ತದೆ. ಇಷ್ಟಕ್ಕೆ ಸಿಗುವುದು ಸುಮಾರು ಒಂಬತ್ತು ತಿಂಗಳ ಓದು. ಅದರಲ್ಲಿ 60 ಲಕ್ಷವನ್ನಷ್ಟೇ ಶೇ 11ರ ಬಡ್ಡಿಗೆ ಹತ್ತು ವರ್ಷದ ಸಾಲವಾಗಿ ಪಡೆದರೂ ತಿಂಗಳ ಕಂತು 82,000 ರೂಪಾಯಿ ದಾಟುತ್ತದೆ. ಇತ್ತ 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಗರಗಳ ಜೂನಿಯರ್ ವಕೀಲರಿಗೆ ತಿಂಗಳಿಗೆ ಕನಿಷ್ಠ 20,000, ಹಳ್ಳಿಗಾಡಿನಲ್ಲಿ 15,000 ಕೊಡಿ ಎಂದು ಸೀನಿಯರ್‌ಗಳನ್ನು ಕೇಳಿಕೊಂಡಿತು. ಅದೂ ಶಿಫಾರಸು ಅಷ್ಟೇ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲೋ ಧಾರವಾಡದ ಪೀಠದಲ್ಲೋ ಪ್ರಾಕ್ಟೀಸ್ ಮಾಡುವವರಿಗೆ ಈ ಎರಡು ಮೊತ್ತಗಳ ನಡುವಿನ ಕಂದಕವನ್ನು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲೇ ಉಳಿದು ಡಾಲರಿನಲ್ಲಿ ಸಾಲ ತೀರಿಸುತ್ತೇನೆ ಎನ್ನುವವರು ಅಲ್ಲಿನ ವ್ಯವಸ್ಥೆಯನ್ನು ಸರಿಯಾಗಿ ನೋಡಿಲ್ಲ. ಅಲ್ಲಿ ವಕೀಲರಾಗುವವರ ಪದವಿ ಮೂರು ವರ್ಷದ ಜೆಡಿ. ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಕೊಡುವುದೂ ಜೆಡಿಗೇ, ಎಲ್‌ಎಲ್‌ಎಂಗೆ ಅಲ್ಲ. ದೊಡ್ಡ ಲಾ ಫರ್ಮ್‌ಗಳು ಹೊಸಬರನ್ನು ಆರಿಸುವುದು ಹೆಚ್ಚಾಗಿ ಜೆಡಿ ತರಗತಿಗಳಿಂದ. 24 ಕ್ರೆಡಿಟ್‌ಗಳ ಎಲ್‌ಎಲ್‌ಎಂ ಮಾಡಿದ ವಿದೇಶಿ ಕಾನೂನು ಪದವೀಧರರಿಗೆ ನ್ಯೂಯಾರ್ಕ್ ತನ್ನ ಬಾರ್ ಪರೀಕ್ಷೆ ಬರೆಯಲು ಬಿಡುತ್ತದೆ. ಹಲವರು ಪಾಸೂ ಆಗುತ್ತಾರೆ. ಆದರೆ ಪರೀಕ್ಷೆ ಬೇರೆ, ವೀಸಾ ಬೇರೆ. ಓದಿನ ನಂತರ ಕೆಲಸಕ್ಕೆ ಸಿಗುವ ಅವಕಾಶ ಒಂದು ವರ್ಷ. ಎಂಜಿನಿಯರುಗಳಿಗೆ ಸಿಗುವ ವಿಸ್ತರಣೆ ಕಾನೂನು ಓದಿದವರಿಗಿಲ್ಲ. ಆಮೇಲೆ ಎಚ್‌-1ಬಿ ಲಾಟರಿ. ಊರಿಗೆ ಮರಳಿದರೆ ನ್ಯೂಯಾರ್ಕಿನ ಸನ್ನದಿನಿಂದ ಇಲ್ಲಿ ಒಂದು ತಡೆಯಾಜ್ಞೆ ಅರ್ಜಿಯನ್ನೂ ವಾದಿಸಲಾಗದು.

ಹಾಗಂತ ಇದನ್ನೆಲ್ಲ ವ್ಯರ್ಥ ಎಂದು ಬಿಡಲೂ ಆಗದು. ಕೆಲವು ಕ್ಷೇತ್ರಗಳಲ್ಲಿ ನಮ್ಮ ಕಾನೂನಿನ ತಾಯಿಬೇರೇ ಹೊರಗಿದೆ. 1996ರ ಮಧ್ಯಸ್ಥಿಕೆ ಕಾಯ್ದೆ ವಿಶ್ವಸಂಸ್ಥೆಯ ಅಂಗಸಂಸ್ಥೆಯೊಂದು ರೂಪಿಸಿದ ಮಾದರಿಯನ್ನು ಆಧರಿಸಿದ್ದು. 2002ರ ಸ್ಪರ್ಧಾ ಕಾಯ್ದೆಯಡಿ ವಾದಿಸುವವರು ಯುರೋಪಿನ ತೀರ್ಪುಗಳನ್ನು ಓದದೆ ಒಂದು ಹೆಜ್ಜೆ ಇಡಲಾರರು. ಬೆಂಗಳೂರಿನ ಕಂಪನಿಗಳು ವಿದೇಶಿ ಗ್ರಾಹಕರೊಂದಿಗೆ ಮಾಡಿಕೊಳ್ಳುವ ಎಷ್ಟೋ ಕರಾರುಗಳಲ್ಲಿ ವ್ಯಾಜ್ಯ ಬಂದರೆ ಸಿಂಗಪುರದಲ್ಲೋ ಲಂಡನ್ನಿನಲ್ಲೋ ತೀರ್ಮಾನವಾಗಬೇಕು ಎಂದಿರುತ್ತದೆ. ಇಂಥ ಕೆಲಸ ಮಾಡುವವರಿಗೆ ಅಲ್ಲಿನ ತರಗತಿ ನಿಜವಾದ ಬಂಡವಾಳ. ವಿಭಾಗದ ದಾವೆಯಲ್ಲಿ, ಚೆಕ್ ಬೌನ್ಸಿನಲ್ಲಿ, ಪಹಣಿ ತಿದ್ದುಪಡಿಯಲ್ಲಿ ಮುಳುಗಿರುವವರಿಗೆ ಬೇಕಾದದ್ದು ಇನ್ನೂ ಒಂದು ವರ್ಷ ಸೀನಿಯರ್ ಬೆನ್ನ ಹಿಂದೆ ನಿಂತು ಪಾಟೀಸವಾಲು ಕೇಳಿಸಿಕೊಳ್ಳುವುದು.

ಇನ್ನೊಂದು ಪ್ರಯೋಜನ ಬೋಧನೆ ಮತ್ತು ಸಂಶೋಧನೆಯಲ್ಲಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದ ಶಮ್ನಾದ್ ಬಶೀರ್ ಆಕ್ಸ್‌ಫರ್ಡಿನಲ್ಲಿ ಕಲಿತ ಬೌದ್ಧಿಕ ಸ್ವಾಮ್ಯದ ಕಾನೂನನ್ನು ನೊವಾರ್ಟಿಸ್ ಔಷಧ ಪೇಟೆಂಟ್ ಪ್ರಕರಣದವರೆಗೂ ತಂದರು. ಅದೇ ಶಾಲೆಯ ಈಗಿನ ಕುಲಪತಿ ಸುಧೀರ್ ಕೃಷ್ಣಸ್ವಾಮಿ ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದವರು. ವಿಚಿತ್ರವೆಂದರೆ, ಹೀಗೆ ಪಾಠ ಮಾಡುವವರ ದಾರಿಗೇ ಬಾರ್ ಕೌನ್ಸಿಲ್ ಅಡ್ಡ ಬಂತು. 2021ರ ಜನವರಿಯಲ್ಲಿ ಪ್ರಕಟವಾದ ಅದರ ನಿಯಮಗಳು, ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಇಲ್ಲಿನದಕ್ಕೆ ಸಮವಲ್ಲ, ಒಂದು ವರ್ಷ ಸಂದರ್ಶಕ ಅಧ್ಯಾಪಕರಾಗಿ ದುಡಿದರೆ ಸಮ ಎಂದವು. ಅದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೋಟಿ ಸುರಿದು ತಂದ ಪದವಿ ಊರಲ್ಲಿ ಸಮ ಅನ್ನಿಸಿಕೊಳ್ಳಲು ಮತ್ತೆ ಒಂದು ವರ್ಷ!

ಯಶಸ್ಸಿನ ಉದಾಹರಣೆ ಕೇಳಿದರೆ ಎಲ್ಲರ ಬಾಯಲ್ಲೂ ಬರುವುದು ಹಾರ್ವರ್ಡಿನಲ್ಲಿ ಓದಿದ ಡಿ.ವೈ. ಚಂದ್ರಚೂಡ್ ಮತ್ತು ರೋಹಿಂಟನ್ ನಾರಿಮನ್. ಒಬ್ಬರ ತಂದೆ ಭಾರತದ ಮುಖ್ಯ ನ್ಯಾಯಮೂರ್ತಿ, ಇನ್ನೊಬ್ಬರ ತಂದೆ ಫಾಲಿ ನಾರಿಮನ್. ಈ ಫಾಲಿ ನಾರಿಮನ್ ಓದಿದ್ದು ಮುಂಬೈಯ ಸರ್ಕಾರಿ ಕಾನೂನು ಕಾಲೇಜಿನಲ್ಲಿ. ಕರ್ನಾಟಕದಿಂದ ಹೋಗಿ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯ, ಎಂ.ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರ ಬಾಬು ಅವರೂ ಇಲ್ಲಿನ ಕಾನೂನು ಕಾಲೇಜುಗಳವರೇ. ಚಂದ್ರಚೂಡ್, ರೋಹಿಂಟನ್ ಅವರ ಪ್ರತಿಭೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಮರಳಿ ಬಂದು ಕೂರಲು ಚೇಂಬರ್, ಬ್ರೀಫ್ ಕೊಡಲು ಪರಿಚಯಸ್ಥರು ಮೊದಲೇ ಇದ್ದವರಿಗೆ ಪದವಿ ಎಷ್ಟು ನೆರವಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಅಪ್ಪ ಕೃಷಿಕರೋ ಗುಮಾಸ್ತರೋ ಆಗಿರುವ ಮನೆಯ ಹುಡುಗಿ ಅದೇ ಪದವಿ ಹೊತ್ತು ಬಂದರೆ ಮೊದಲ ಕೇಸಿಗಾಗಿ ಅವಳೂ ಕಾಯಬೇಕು, ಕಂತು ಮಾತ್ರ ಕಾಯುವುದಿಲ್ಲ.

ಹಾಗಾಗಿ ನನ್ನ ತೀರ್ಪು ಕಾಲ ಮತ್ತು ಕಾಸಿನ ಮೇಲೆ ನಿಂತಿದೆ. ಎಲ್‌ಎಲ್‌ಬಿ ಮುಗಿಸಿದ ಮರುವರ್ಷವೇ, ಯಾವ ವಿಷಯ ಎಂದೂ ಗೊತ್ತಿಲ್ಲದೆ, ಸಾಲ ಮಾಡಿ ಹೋಗುವುದು ಕೆಟ್ಟ ನಿರ್ಧಾರ. ನಾಲ್ಕೈದು ವರ್ಷ ಕೆಲಸ ಮಾಡಿ, ಇದೊಂದು ವಿಷಯ ನನಗೆ ಆಳವಾಗಿ ಬೇಕು ಎಂದು ಕಂಡುಕೊಂಡು, ಚೀವ್ನಿಂಗ್, ಇನ್ಲಾಕ್ಸ್, ಫುಲ್‌ಬ್ರೈಟ್-ನೆಹರೂ ಥರದ ವಿದ್ಯಾರ್ಥಿವೇತನ ಹಿಡಿದು ಹೊರಟರೆ ಅದಕ್ಕಿಂತ ಒಳ್ಳೆಯ ವರ್ಷ ವಕೀಲರ ಬದುಕಿನಲ್ಲಿ ಸಿಗುವುದು ಅಪರೂಪ. ದಿನಾಂಕ, ವಾಯಿದೆ ಯಾವುದರ ಗಲಾಟೆಯೂ ಇಲ್ಲದೆ ಬರೀ ಓದುವ ವರ್ಷ ಅದು. ಬರೀ ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಬೇಕೆಂಬ ಆಸೆಯಿದ್ದರೆ ಅಲ್ಲಿನ ಎಲ್‌ಎಲ್‌ಎಂ ಬೇಕಾಗಿಯೇ ಇಲ್ಲ. 2021ರಿಂದ ಜಾರಿಯಲ್ಲಿರುವ ಎಸ್‌ಕ್ಯೂಇ ಪರೀಕ್ಷೆಗೆ ನಮ್ಮ ಎಲ್‌ಎಲ್‌ಬಿ ಸಾಕು. ಅದರ ಮೊದಲ ಹಂತವನ್ನು ಭಾರತದಲ್ಲೇ ಬರೆಯಬಹುದು. ವಿಶ್ವವಿದ್ಯಾಲಯಗಳಿಂದ ಕಮಿಷನ್ ಪಡೆಯುವ ಕನ್ಸಲ್ಟೆನ್ಸಿಗಳು ಈ ಮಾತನ್ನು ತಾವಾಗಿ ಹೇಳುವ ಸಂಭವ ಕಡಿಮೆ.