‘ಸೆಲ್ಫ್-ರೆಸ್ಪೆಕ್ಟ್’: ತಮಿಳಿನಲ್ಲಿ ಅದರ ಅರ್ಥವ್ಯಾಪ್ತಿ

‘ಸೆಲ್ಫ್-ರೆಸ್ಪೆಕ್ಟ್’ ಎಂಬ ಇಂಗ್ಲಿಷ್ ಪದಕ್ಕೆ ‘ಆತ್ಮಗೌರವ’ವೆಂದು ಅರ್ಥ ಬರೆದು ಮುಂದುವರಿಯುವ ಪದ್ಧತಿಯನ್ನು ನಾವು ಒಪ್ಪಲಾರೆವು. 1925ರಲ್ಲಿ ‘ಕುಡಿ ಅರಸು’ ಪತ್ರಿಕೆಯನ್ನು ಆರಂಭಿಸಿದ ಪೆರಿಯಾರ್ ಇ. ವೆ. ರಾಮಸ್ವಾಮಿಯವರ ಚಳವಳಿಯಲ್ಲಿ ಈ ಪದಕ್ಕೆ ಪ್ರತಿಯಾಗಿ ನಿಂತುದು ‘ಸುಯಮರಿಯಾದೈ’. ತಮಿಳರಲ್ಲಿ ‘ಮರಿಯಾದೈ’ ಎಂಬುದು ಗೌರವಭಾವವನ್ನು ಸೂಚಿಸುವುದರೊಡನೆ, ದೇವಾಲಯದಲ್ಲಿ ಅಂತಸ್ತಿಗನುಸಾರವಾಗಿ ಸಲ್ಲುವ ತೀರ್ಥಪ್ರಸಾದಾದಿ ಸತ್ಕಾರವನ್ನೂ ಸೂಚಿಸುತ್ತದೆ. ಪರರಿಂದ ಸಲ್ಲಬೇಕಾದ ಇದಕ್ಕೆ ‘ಸುಯ’ ಎಂಬುದನ್ನು ಜೋಡಿಸಿದೊಡನೆ, ಮರ್ಯಾದೆಯನ್ನು ಹಂಚುವವರ ಅಧಿಕಾರವೇ ಪ್ರಶ್ನೆಗೊಳಗಾಗುತ್ತದೆ. ಪುರೋಹಿತರಿಲ್ಲದೆ ನಡೆಯುವ ‘ಸುಯಮರಿಯಾದೈ’ ವಿವಾಹವು ಈ ಅರ್ಥದ ಆಚರಣೆಯೇ. 1967ರ ಮದರಾಸು ತಿದ್ದುಪಡಿಯು ಅದಕ್ಕೆ ಹಿಂದೂ ವಿವಾಹ ಶಾಸನದಲ್ಲಿ ಸ್ಥಾನ ಕಲ್ಪಿಸಿತು. ಆದುದರಿಂದ ಇಲ್ಲಿ ನಿಘಂಟನ್ನಷ್ಟೇ ನಂಬಿದ ಅಧ್ಯಾಪಕನು, ಸಾಮಾಜಿಕ ಹಕ್ಕಿನ ವಾದವೊಂದನ್ನು ವ್ಯಕ್ತಿಯ ಸದ್ಗುಣವೆಂದು ವಿದ್ಯಾರ್ಥಿಗಳಿಗೆ ಬೋಧಿಸಿದಂತಾಗುತ್ತದೆ.